ಪಾಕದ ಹದ



ಹಬ್ಬದ ಸಿಹಿತಿಂಡಿಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕರೆ ಬಂದಾಗ ನನಗೆ ಸ್ವಲ್ಪ ಅಳುಕೇ ಆಯಿತು. ಹೋಳಿಗೆಗೆ ಇಷ್ಟು ಬೇಳೆ, ಇಷ್ಟು ಬೆಲ್ಲ, ಇಷ್ಟು ಏಲಕ್ಕಿ ಎಂದು ಪಟ್ಟಿ ಓದುವುದಾದರೆ ಅದಕ್ಕೆ ನಾನೇ ಆಗಬೇಕೆಂದೇನಿಲ್ಲ. ಅಂಥ ಪಟ್ಟಿಗಳು ಕ್ಯಾಲೆಂಡರಿನ ಹಿಂಬದಿಯಲ್ಲೂ ಸಿಗುತ್ತವೆ, ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲೂ ಸಿಗುತ್ತವೆ. ಆದರೆ ಪಟ್ಟಿ ಸರಿಯಾಗಿದ್ದೂ ತಿಂಡಿ ಕೆಡುತ್ತದಲ್ಲ, ಅಳತೆ ತಪ್ಪದಿದ್ದರೂ ಕಜ್ಜಾಯ ಎಣ್ಣೆಯಲ್ಲಿ ಚದುರಿ ಹೋಗುತ್ತದಲ್ಲ, ಆ ಸಂಗತಿಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹಾಗಾಗಿ ಇಂದು ನಾನು ಹೇಳುವುದು ಮುಖ್ಯವಾಗಿ ಒಂದೇ ವಿಷಯ. ಅದು ಪಾಕ.

ನಮ್ಮ ಭಾಷೆಯಲ್ಲಿ ಪಾಕ ಎಂಬ ಮಾತಿಗೆ ಇರುವ ಮರ್ಯಾದೆಯನ್ನು ನೋಡಿ. ಅಡುಗೆಗೆಲ್ಲ ಪಾಕವೆನ್ನುತ್ತೇವೆ, ಅಡುಗೆಮನೆ ಪಾಕಶಾಲೆ. ಕಾವ್ಯವನ್ನು ತೂಗುವಾಗಲೂ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಹಣ್ಣು ಕಾಯಿಗಳ ಹೆಸರಿಟ್ಟು ಮಾತಾಡಿದ್ದಾರೆ. ಆದರೆ ಮನೆಯಲ್ಲಿ ಹೆಂಗಸರು ‘ಪಾಕ ಬಂತೇ?’ ಎಂದು ಕೇಳಿದರೆ ಅದಕ್ಕೆ ಅರ್ಥ ಒಂದೇ: ಬಾಣಲೆಯಲ್ಲಿ ಕುದಿಯುತ್ತಿರುವ ಬೆಲ್ಲವೋ ಸಕ್ಕರೆಯೋ ಹದಕ್ಕೆ ಬಂತೇ ಎಂದು. ಹದ ಎನ್ನುವುದು ಇನ್ನೂ ಒಳ್ಳೆಯ ಮಾತು. ಉಳುವ ರೈತ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾನೆ, ಕುಂಬಾರ ಜೇಡಿಯ ಹದ ನೋಡುತ್ತಾನೆ. ಇವರ್ಯಾರೂ ಗಡಿಯಾರ ನೋಡುವುದಿಲ್ಲ.

ನಾನು ಗಡಿಯಾರ ನೋಡಿದವಳು. ಅದರ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

1978ರ ದೀಪಾವಳಿ. ಮದುವೆಯಾಗಿ ಮಂಡ್ಯದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ದೀಪಾವಳಿಗೆ ಕೇದಾರೇಶ್ವರನ ನೋಮು ಹಿಡಿಯುವುದುಂಟು. ನೋಮಿನಲ್ಲಿ ಎಲ್ಲವೂ 21ರ ಲೆಕ್ಕ. 21 ಎಳೆಯ ದಾರ, 21 ವೀಳ್ಯದೆಲೆ, 21 ಕಜ್ಜಾಯ. ನಮ್ಮತ್ತೆಯವರ ಮನೆಯಲ್ಲಿ ಕಜ್ಜಾಯ ಅತ್ತೆಯವರ ಕೈಯದೇ. ಆ ವರ್ಷ ಹಬ್ಬಕ್ಕೆ ಹದಿನೈದು ದಿನವಿರುವಾಗ ಅವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ‘ನೀನೇ ಮಾಡಮ್ಮ, ನಾನು ಪಕ್ಕದಲ್ಲಿ ಕೂತಿರ್ತೀನಿ’ ಎಂದರು. ನಾನು ಬಿ.ಎಸ್ಸಿ. ಓದಿದವಳು. ‘ಬೇಡಿ ಅತ್ತೆ, ನೀವು ಮಲಗಿರಿ, ನಾನು ಬರೆದಿಟ್ಟುಕೊಂಡಿದ್ದೇನೆ’ ಎಂದೆ. ನಿಜಕ್ಕೂ ಬರೆದಿಟ್ಟುಕೊಂಡಿದ್ದೆ. ನೋಟುಪುಸ್ತಕದಲ್ಲಿ ಅಕ್ಕಿ ಒಂದು ಕಿಲೋ, ಬೆಲ್ಲ ಮುಕ್ಕಾಲು ಕಿಲೋ, ನೀರು ಒಂದು ಲೋಟ, ಕುದಿಯುವುದು ಹತ್ತು ನಿಮಿಷ ಎಂದಿತ್ತು. ಆ ಹತ್ತು ನಿಮಿಷ ನನಗೆ ಎಲ್ಲಿಂದ ಸಿಕ್ಕಿತೋ ಇವತ್ತಿಗೂ ನೆನಪಿಲ್ಲ.

ನೋಮಿನ ದಿನ ಮನೆ ತುಂಬ ಉಪವಾಸವಿದ್ದ ನೆಂಟರು. ಎಣ್ಣೆ ಕಾಯಿತು. ಬಾಳೆಲೆಯ ಮೇಲೆ ತಟ್ಟಿದ ಮೊದಲ ಕಜ್ಜಾಯವನ್ನು ಬಿಟ್ಟೆ. ಅದು ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಬಂದದ್ದು ನೊರೆ. ನೊರೆಯ ಜೊತೆ ಮರಳಿನಂತೆ ಹಿಟ್ಟು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಎಣ್ಣೆಯೆಲ್ಲ ಕೆಂಪು ಬಗ್ಗಡವಾಯಿತು. ಉಪವಾಸದ ಮನೆಯಲ್ಲಿ, ದೇವರ ಮುಂದೆ ಕಲಶವಿಟ್ಟಾದ ಮೇಲೆ ಕಜ್ಜಾಯ ಒಡೆಯಿತು ಎಂದರೆ ಹಿರಿಯರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಬಲ್ಲವರು ಬಲ್ಲರು. ಒಬ್ಬರು ಆಗಲೇ ಬಾಗಿಲಲ್ಲಿ ನಿಂತು ‘ಹೊಸ ಸೊಸೆ ಕೈ’ ಎಂದು ಶುರು ಮಾಡಿದ್ದರು.

ಅತ್ತೆ ಎದ್ದು ಬಂದರು. ಒಂದು ಮಾತೂ ಆಡಲಿಲ್ಲ. ಎಡಗೈಯಲ್ಲಿ ಹಿಟ್ಟನ್ನು ಚಿವುಟಿ ನೋಡಿ, ‘ಪಾಕ ಎಳಸಾಯ್ತು. ಅಕ್ಕಿ ಹಿಟ್ಟು ಉಳಿಸಿದೀಯಾ?’ ಎಂದರು. ಜರಡಿಯಲ್ಲಿ ಎರಡು ಹಿಡಿ ಉಳಿದಿತ್ತು. ಅದನ್ನು ಸೇರಿಸಿ ನಾದಿಸಿದರು, ಎಣ್ಣೆಯನ್ನು ಸೋಸಿಸಿದರು, ಉರಿ ತಗ್ಗಿಸಿದರು. ಮುಂದಿನದು ಅಂಚಿನಲ್ಲಿ ಸ್ವಲ್ಪ ಹರಿಯಿತು, ಆದರೆ ನಿಂತಿತು. ಅದರ ಮುಂದಿನದು ಉಬ್ಬಿತು. ಎಣಿಸಿದರೆ ಸರಿಯಾಗಿ 21 ಆದವು, 22ನೆಯದಕ್ಕೆ ಹಿಟ್ಟಿರಲಿಲ್ಲ. ಹಾಲಿನಲ್ಲಿ ಪೂಜೆ ನಡೆದಿರುವಾಗ ನಾನು ಹಿತ್ತಲಲ್ಲಿ ಕೂತು ಅತ್ತದ್ದನ್ನು ಅವರು ಯಾರಿಗೂ ಹೇಳಲಿಲ್ಲ.

ಈಗ ಪಾಕಕ್ಕೆ ಬರೋಣ. ಎಳಸು ಪಾಕ ಎಂದರೇನು? ನೀರಿನಲ್ಲಿ ಬೆಲ್ಲ ಕರಗಿಸಿ ಕುದಿಸಿದಾಗ ಹೊರಗೆ ಹೋಗುವುದು ನೀರು ಮಾತ್ರ, ಸಿಹಿ ಅಲ್ಲೇ ಉಳಿಯುತ್ತದೆ. ನೀರು ಕಡಿಮೆಯಾದಂತೆಲ್ಲ ಪಾಕ ಕುದಿಯಲು ಬೇಕಾದ ಶಾಖ ಏರುತ್ತ ಹೋಗುತ್ತದೆ. ಬರೀ ನೀರು 100 ಡಿಗ್ರಿಯಲ್ಲಿ ಕುದಿದರೆ, ಒಂದೆಳೆ ಪಾಕ 105 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದರೆ ಒಂದು ಎಳೆ ನಿಲ್ಲುತ್ತದೆ. ರವೆ ಉಂಡೆಗೆ, ಮೈಸೂರು ಪಾಕಿಗೆ ಇದು ಸಾಕು. ಇನ್ನೂ ಕಾದರೆ 112ರಿಂದ 116 ಡಿಗ್ರಿಗೆ ಉಂಡೆ ಪಾಕ. ಆಗ ಪಾಕದ ನೂರು ಭಾಗದಲ್ಲಿ ಸುಮಾರು 85 ಭಾಗ ಸಕ್ಕರೆಯೇ. ತಣ್ಣೀರಿಗೆ ಒಂದು ತೊಟ್ಟು ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದೆ, ಬೆರಳಲ್ಲಿ ಸೇರಿಸಿದರೆ ಮೆತ್ತನೆಯ ಉಂಡೆಯಾಗುತ್ತದೆ. ಕಜ್ಜಾಯಕ್ಕೆ ಬೇಕಾದದ್ದು ಇದು. 150ರ ಹತ್ತಿರ ಹೋದರೆ ತೊಟ್ಟು ನೀರಿಗೆ ಬಿದ್ದೊಡನೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬಟ್ಟಲಿಗೆ ಎಸೆದರೆ ಟಣ್ ಎನ್ನುತ್ತದೆ. ಅದು ಕಡಲೆಕಾಯಿ ಮಿಠಾಯಿಯ ಪಾಕ.

ಹಾಗಾದರೆ ಒಂದು ಥರ್ಮಾಮೀಟರ್ ಕೊಂಡುಬಿಡಬಹುದಲ್ಲ ಎಂದು ನಿಮಗನ್ನಿಸಬಹುದು. ಕೊಳ್ಳಬಹುದು, ತಪ್ಪಿಲ್ಲ. ಆದರೆ ಒಂದು ಮಾತು. ಮೇಲೆ ಹೇಳಿದ ಅಂಕಿಗಳೆಲ್ಲ ಸಮುದ್ರಮಟ್ಟದ ಲೆಕ್ಕ. ಮಂಗಳೂರಿನವರಿಗೆ, ಕಾರವಾರದವರಿಗೆ ಅದು ಸರಿ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ, ಪಾಕವೂ ಅಷ್ಟೇ ಮುಂಚೆ ಹದಕ್ಕೆ ಬರುತ್ತದೆ. ಪುಸ್ತಕ ನೋಡಿಕೊಂಡು 116ರವರೆಗೆ ಕಾದರೆ ನಿಮ್ಮ ಕಜ್ಜಾಯ ಕಲ್ಲು. ತಣ್ಣೀರಿನ ಬಟ್ಟಲಿಗೆ ಈ ತೊಡಕಿಲ್ಲ. ಮಡಿಕೇರಿಯಲ್ಲೂ ಅದೇ, ಮಲ್ಪೆಯಲ್ಲೂ ಅದೇ.

ನನಗೆ ಇನ್ನೊಂದು ವಿಚಾರ ಆಗಾಗ ಹೊಳೆಯುತ್ತದೆ. ನೈವೇದ್ಯಕ್ಕೆ ಇಡುವ ತಿಂಡಿಯನ್ನು ಮೊದಲು ಬಾಯಿಗೆ ಹಾಕಿ ನೋಡುವ ಹಾಗಿಲ್ಲ. ಸಾರಿಗೆ ಉಪ್ಪು ಸಾಲದಿದ್ದರೂ ತಿಳಿಯುವುದು ಎಲೆಗೆ ಬಡಿಸಿದ ಮೇಲೆಯೇ. ಅಂಥಾದ್ದರಲ್ಲಿ ನಮ್ಮ ಹಿಂದಿನವರು ನಾಲಿಗೆಯನ್ನು ಬಿಟ್ಟು ಬೆರಳು, ಕಿವಿ, ಮೂಗುಗಳಿಂದಲೇ ಅಡುಗೆಯನ್ನು ತಿಳಿಯಬೇಕಾಯಿತು. ನೀರಿನ ಬಟ್ಟಲು, ಎಳೆ, ಉಂಡೆ, ಟಣ್ ಎನ್ನುವ ಸದ್ದು, ಇವೆಲ್ಲ ರುಚಿ ನೋಡದೆ ರುಚಿ ತಿಳಿಯುವ ದಾರಿಗಳು. ಇದು ನನ್ನ ಊಹೆ, ಶಾಸ್ತ್ರವಲ್ಲ. ಆದರೆ ಮಡಿ ಸೀರೆಯುಟ್ಟು ಒಲೆಯ ಮುಂದೆ ಕೂತವರನ್ನು ನೋಡಿದವರಿಗೆ ಇದು ಊಹೆ ಎನಿಸಲಾರದು.

ಕಜ್ಜಾಯವನ್ನು ಈಗ ಸರಿಯಾಗಿ ಹೇಳುತ್ತೇನೆ. ಬೇಕಾದರೆ ಪೆನ್ನು ಕಾಗದ ತೆಗೆದುಕೊಳ್ಳಿ. ಆದರೆ ಬರೆದುಕೊಂಡದ್ದನ್ನು ಪೂರ್ತಿ ನಂಬಬೇಡಿ.

ಒಂದು ಕಿಲೋ ಬಿಳಿ ಅಕ್ಕಿ. ಕುಚ್ಚಲಕ್ಕಿ ಆಗದು. ತೊಳೆದು ಮೂರು ನಾಲ್ಕು ಗಂಟೆ ನೆನೆಯಲಿ. ನೀರು ಬಸಿದು, ತೆಳ್ಳನೆಯ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಬಿಸಿಲು ಬೇಡ, ಫ್ಯಾನೂ ಬೇಡ. ಅರ್ಧ ಗಂಟೆಯಾದ ಮೇಲೆ ಒಂದು ಮುಷ್ಟಿ ಹಿಡಿದು ನೋಡಿ. ಅಕ್ಕಿ ತಂಪಾಗಿರಬೇಕು, ಅಂಗೈಗೆ ನೀರಿನ ಪಸೆ ಹತ್ತಬಾರದು. ಈ ಹದದಲ್ಲೇ ಪುಡಿ ಮಾಡಬೇಕು. ಮೊದಲು ಒನಕೆಯಲ್ಲಿ ಕುಟ್ಟುತ್ತಿದ್ದರು, ಈಗ ಮಿಕ್ಸಿ. ಗಿರಣಿಯವರು ಒದ್ದೆ ಅಕ್ಕಿಯನ್ನು ಒಪ್ಪುವುದು ಕಡಿಮೆ, ಒಪ್ಪಿದರೂ ಹಿಂದೆ ಯಾರದೋ ಮೆಣಸಿನಕಾಯಿ ಬೀಸಿರುತ್ತಾರೆ. ಜರಡಿ ಹಿಡಿದು, ಹಿಟ್ಟು ಆರದಂತೆ ಒತ್ತಿ ಮುಚ್ಚಿಡಿ. ಅಂಗಡಿಯ ಒಣ ಅಕ್ಕಿ ಹಿಟ್ಟಿನಲ್ಲಿ ಕಜ್ಜಾಯ ಮಾಡಲು ಹೋಗಬೇಡಿ. ಅದು ಪಾಕವನ್ನು ಬೇರೆ ರೀತಿ ಹೀರುತ್ತದೆ, ಕಜ್ಜಾಯ ಬಿರಿಯುತ್ತದೆ. ಎರಡು ಹಿಡಿ ಹಿಟ್ಟನ್ನು ಮೊದಲೇ ಬೇರೆ ಎತ್ತಿಡಿ. ಏಕೆಂದು ನಿಮಗೀಗ ಗೊತ್ತು.

ಮುಕ್ಕಾಲು ಕಿಲೋ ಬೆಲ್ಲವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಸೋಸಿ. ಕಲ್ಲು, ಮಣ್ಣು, ಕಬ್ಬಿನ ನಾರು ಎಲ್ಲ ಹೋಗಲಿ. ದಪ್ಪ ತಳದ ಬಾಣಲೆಯಲ್ಲಿ ಮತ್ತೆ ಕಾಯಲಿಡಿ. ಪಕ್ಕದಲ್ಲಿ ತಣ್ಣೀರಿನ ಬಟ್ಟಲು. ಮೊದಲು ಸಣ್ಣ ಗುಳ್ಳೆಗಳು ಗಡಿಬಿಡಿಯಿಂದ ಏಳುತ್ತವೆ, ಆಮೇಲೆ ದೊಡ್ಡದಾಗಿ ನಿಧಾನವಾಗುತ್ತವೆ. ಅಲ್ಲಿಂದ ಮೈಯೆಲ್ಲ ಕಣ್ಣಾಗಿರಬೇಕು. ತೊಟ್ಟು ಹಾಕುತ್ತಲೇ ಇರಿ. ಮೊದಲ ತೊಟ್ಟು ನೀರಿನಲ್ಲಿ ಹೊಗೆಯ ಹಾಗೆ ಕರಗುತ್ತದೆ. ಮುಂದಿನದು ತಳದಲ್ಲಿ ಹರಡಿ ಕೂರುತ್ತದೆ, ಬೆರಳಿಗೆ ಸಿಗುವುದಿಲ್ಲ. ಇನ್ನೂ ಮುಂದಿನದು ಸಿಗುತ್ತದೆ, ಉಂಡೆ ಕಟ್ಟುತ್ತದೆ, ಬಟ್ಟಲಿನ ಅಂಚಿಗೆ ತಂದರೂ ಆಕಾರ ಬಿಡುವುದಿಲ್ಲ, ಒತ್ತಿದರೆ ಮಾತ್ರ ಬಗ್ಗುತ್ತದೆ. ಆ ಗಳಿಗೆಗೆ ಒಲೆ ಆರಿಸಿ. ಈ ಎರಡನೆಯ ಮೂರನೆಯ ತೊಟ್ಟಿನ ನಡುವಿನ ಅಂತರ ಒಂದು ನಿಮಿಷವೂ ಇರಬಹುದು, ಅರ್ಧವೂ ಇರಬಹುದು. ನನ್ನ ಕಜ್ಜಾಯ ಕೆಟ್ಟಿದ್ದು ಅಷ್ಟರಲ್ಲಿಯೇ.

ಏಲಕ್ಕಿ, ಹುರಿದ ಬಿಳಿ ಎಳ್ಳು, ಗಸಗಸೆ ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಮುದ್ದೆಯ ಕೋಲಿನಲ್ಲಿ ತಿರುವಿ. ಚಪಾತಿ ಹಿಟ್ಟಿಗಿಂತ ಸಡಿಲವಿರುವಾಗಲೇ ನಿಲ್ಲಿಸಿ. ತಣಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಮೇಲೆ ಒಂದು ಚಮಚ ತುಪ್ಪ ಸವರಿ ಮುಚ್ಚಿಡಿ. ಒಂದು ರಾತ್ರಿಯಾದರೂ ಇರಲಿ, ಎರಡು ದಿನವಾದರೆ ಇನ್ನೂ ಒಳ್ಳೆಯದು. ಹಿಟ್ಟಿನ ಪ್ರತಿ ಕಣವೂ ಪಾಕ ಕುಡಿಯಲು ಹೊತ್ತು ಬೇಕು. ಬಾಳೆಲೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಒಂದೊಂದೇ ಕರಿದು, ಎರಡು ಚಪ್ಪಟೆ ಜಾಲರಿಗಳ ನಡುವೆ ಒತ್ತಿ ಎಣ್ಣೆ ತೆಗೆಯಿರಿ.

ಚದುರಿದರೆ ಪಾಕ ಎಳಸು: ಎತ್ತಿಟ್ಟ ಹಿಟ್ಟು ಸೇರಿಸಿ ಸ್ವಲ್ಪ ಹೊತ್ತು ಬಿಡಿ. ಬಿರಿದು ಗಟ್ಟಿಯಾದರೆ ಪಾಕ ಬಲಿತಿದೆ: ಬೆಚ್ಚಗಿನ ಹಾಲನ್ನು ಚಿಮುಕಿಸಿ ನಾದಿ. ಮೊದಲನೆಯದನ್ನು ಯಾವಾಗಲೂ ಸಣ್ಣದಾಗಿ, ಪರೀಕ್ಷೆಗೆಂದೇ ಬಿಡಿ. ನೈವೇದ್ಯಕ್ಕೆ ಅದನ್ನು ಎಣಿಸಬೇಡಿ.

ಒಂದು ಎಚ್ಚರಿಕೆ. ಪಾಕದ ಸುಟ್ಟಗಾಯ ಬಿಸಿನೀರಿನ ಸುಟ್ಟಗಾಯದಂತಲ್ಲ. ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಬಾಣಲೆಯಿಂದ ನೇರವಾಗಿ ಬೆರಳಿಗೆ ಎಂದೂ ತೆಗೆದುಕೊಳ್ಳಬೇಡಿ. ನೀರಿಗೆ ಬಿದ್ದ ತೊಟ್ಟನ್ನೇ ಮುಟ್ಟಿ. ಚಿಕ್ಕ ಮಕ್ಕಳು ಒಲೆಯ ಬಳಿ ಬಾರದಿರಲಿ.

ಅತ್ತೆಯವರ ಕಣ್ಣು ಕೊನೆಕೊನೆಗೆ ಮಂಜಾಯಿತು. ಗ್ಲಾಕೋಮಾ ಎಂದರು ಡಾಕ್ಟರು. ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದೂ ಹೇಳಿದರು. 1996ರ ದೀಪಾವಳಿಯ ಹೊತ್ತಿಗೆ ಅವರಿಗೆ ಎದುರಿಗೆ ಕೂತವರು ಯಾರೆಂದು ತಿಳಿಯುತ್ತಿದ್ದುದು ದನಿಯಿಂದ ಮಾತ್ರ. ಆದರೂ ಒಲೆಯ ಪಕ್ಕ ಮಣೆ ಹಾಕಿಸಿಕೊಂಡು ಕೂತರು. ನಾನು ಬಾಣಲೆ ನೋಡುತ್ತಿದ್ದೆ, ಅವರು ಕೇಳುತ್ತಿದ್ದರು. ‘ಈಗ ಸದ್ದು ದಪ್ಪ ಆಯ್ತು ನೋಡು, ಒಂದು ತೊಟ್ಟು ಹಾಕು’ ಎಂದರು. ಹಾಕಿ ಬಟ್ಟಲನ್ನು ಅವರ ಕೈಗಿತ್ತೆ. ಬೆರಳಾಡಿಸಿ, ‘ಇನ್ನೂ ಬಾಯಿ ಬಿಡ್ತಾ ಇದೆ’ ಎಂದರು. ಮತ್ತೊಂದು. ‘ಈಗ ಮಾತು ಕೇಳುತ್ತೆ, ಇಳಿಸು.’ ಅಷ್ಟು ವರ್ಷ ಅವರ ಪಕ್ಕ ನಿಂತಿದ್ದ ನನಗೆ ಆ ಎರಡು ತೊಟ್ಟುಗಳ ವ್ಯತ್ಯಾಸ ಕಣ್ಣಿಗೆ ಕಂಡಿರಲಿಲ್ಲ. ಅವರ ಕೈಯಿಂದ ಬಟ್ಟಲು ತೆಗೆದುಕೊಂಡು ನಾನೂ ಕಣ್ಣು ಮುಚ್ಚಿ ಮುಟ್ಟಿ ನೋಡಿದೆ. ಆಗ ತಿಳಿಯಿತು.

ಅವರು ಹೋದದ್ದು 1999ರಲ್ಲಿ. ಮುಂದಿನ ವರ್ಷ ಬೆಂಗಳೂರಿನ ಮನೆಯಲ್ಲಿ ನಾನೊಬ್ಬಳೇ ಮಾಡುವಾಗ ಇನ್ನೊಂದು ಪಾಠವಾಯಿತು. ಅಂಗಡಿಯಿಂದ ತಂದ ಬೆಲ್ಲ ಚಿನ್ನದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು, ನೋಡಿ ಸಂತೋಷವಾಯಿತು. ಪಾಕಕ್ಕಿಟ್ಟರೆ ಅದರ ನಡತೆಯೇ ಬೇರೆ. ಬೇಕಾದಷ್ಟು ಕಾದರೂ ಉಂಡೆ ಜಿಗುಟು ಜಿಗುಟು, ಬೆರಳಿಗಂಟುತ್ತದೆಯೇ ಹೊರತು ನಿಲ್ಲುವುದಿಲ್ಲ.

ಊರಿನ ಆಲೆಮನೆಯನ್ನು ನೆನಪಿಸಿಕೊಂಡೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಮೇಲೆ ಮಂಡ್ಯದ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು, ಆಲೆಮನೆಗಳೂ ಉಳಿದವು. ಗಾಣದಲ್ಲಿ ಅರೆದ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತ, ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡದ ಕಾಂಡವನ್ನು ಜಜ್ಜಿದ ಲೋಳೆ ಬಿಟ್ಟು ಮಡ್ಡಿಯನ್ನು ಮೇಲೆ ತರಿಸಿ ತೆಗೆಯುತ್ತಿದ್ದರು. ಕೊನೆಯಲ್ಲಿ ಪಾಕ ಇಳಿಸುವ ಆಳು ಏನು ಮಾಡುತ್ತಿದ್ದ ಗೊತ್ತೇ? ಒಂದು ತೊಟ್ಟನ್ನು ತಣ್ಣೀರಿಗೆ ಹಾಕಿ ಬೆರಳಲ್ಲಿ ಉರುಳಿಸುತ್ತಿದ್ದ. ಬೆಲ್ಲ ನಮ್ಮ ಮನೆಗೆ ಬರುವ ಮೊದಲೇ ಒಮ್ಮೆ ಪಾಕವಾಗಿ ಹದ ಕಂಡು ಬಂದದ್ದು. ಅಲ್ಲಿ ಹದ ತಪ್ಪಿದ್ದರೆ, ಅಥವಾ ಕಡಿದ ಕಬ್ಬನ್ನು ಬಹಳ ದಿನ ಬಿಟ್ಟು ಅರೆದಿದ್ದರೆ, ಬೆಲ್ಲ ಜಿಗುಟಾಗುತ್ತದೆ. ಅಂಥ ಬೆಲ್ಲ ಪಾಯಸಕ್ಕೆ ಆಗುತ್ತದೆ, ಕಜ್ಜಾಯಕ್ಕಲ್ಲ.

ಇನ್ನು ಬಣ್ಣ. ಕಬ್ಬಿನ ಹಾಲನ್ನು ಹೇಗೆ ಕಾಯಿಸಿದರೂ ಬರುವ ಸಹಜ ಬಣ್ಣ ಕಂದು, ಕೆಂಪುಗಂದು. ಬೆಲ್ಲ ಹಳದಿಯಾಗಿ ಹೊಳೆಯಲಿ ಎಂದು ಕೆಲವು ಕಡೆ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕ ಹಾಕುತ್ತಾರೆ. ಗಂಧಕದ ಅಂಶ ಅದರಿಂದ ಬೆಲ್ಲದಲ್ಲಿ ಉಳಿಯುತ್ತದೆ. ತಪ್ಪು ಆಲೆಮನೆಯವನದು ಮಾತ್ರವಲ್ಲ. ಕಪ್ಪು ಬೆಲ್ಲವನ್ನು ಮೂಗು ಮುರಿದು ಪಕ್ಕಕ್ಕಿಟ್ಟು, ಹಳದಿ ಬೆಲ್ಲಕ್ಕೆ ಎರಡು ರೂಪಾಯಿ ಹೆಚ್ಚು ಕೊಡುವವರು ನಾವೇ. ನಾನೂ ಕೊಟ್ಟವಳೇ. ಈಗ ಕಂದು ಬಣ್ಣದ, ಮುರಿದರೆ ಒಳಗೆ ಹರಳು ಕಾಣುವ ಉಂಡೆ ಬೆಲ್ಲವನ್ನೋ ಅಚ್ಚು ಬೆಲ್ಲವನ್ನೋ ನೋಡಿ ತರುತ್ತೇನೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ. ಆಗ ಪಾಕಕ್ಕೆ ನೀರು ಕಡಿಮೆ ಹಾಕಬೇಕು.

ಬೆಲ್ಲದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ‘ಸಕ್ಕರೆ ಕಾಯಿಲೆ ಇದೆ, ಅದಕ್ಕೇ ಬೆಲ್ಲದಲ್ಲಿ ಮಾಡಿದ್ದೇನೆ’ ಎಂದು ತಟ್ಟೆ ಮುಂದಿಡುವವರನ್ನು ಬಹಳ ನೋಡಿದ್ದೇನೆ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಖನಿಜಗಳು ಅಷ್ಟಿಷ್ಟು ಇರಬಹುದು. ಆದರೆ ಅದರ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದು ಮಾಡುವ ಕೆಲಸವೂ ಸಕ್ಕರೆಯದೇ. ಅಂಥವರಿಗೆ ಹಬ್ಬದ ದಿನ ಡಾಕ್ಟರು ಒಪ್ಪಿದಷ್ಟು, ಒಂದು ಚೂರು ಕೊಡಿ. ಬೆಲ್ಲದ್ದೆಂದು ಹೇಳಿ ನಾಲ್ಕು ಕೊಡಬೇಡಿ.

ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಬಂದರೆ ಎಲ್ಲವೂ ತಿರುಗುಮುರುಗು. ಕಜ್ಜಾಯದ ಪಾಕ ಮೆತ್ತಗೆ ಉಳಿಯಬೇಕು, ಹರಳುಗಟ್ಟಬಾರದು. ಅಚ್ಚಿನ ಪಾಕ ಹರಳುಗಟ್ಟಲೇಬೇಕು. ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕರಗಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಸೋಸಿ ಇಡಿ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿ, ಒರೆಸಿ, ಜೋಡಿ ಸೇರಿಸಿ ಬಿಗಿಯಾಗಿ ಕಟ್ಟಿರಬೇಕು. ಅಚ್ಚು ಒಣಗಿದ್ದರೆ ಸಕ್ಕರೆ ಮರಕ್ಕೆ ಹಿಡಿದು ಆನೆಗೆ ಸೊಂಡಿಲಿರುವುದಿಲ್ಲ, ಗಿಳಿಗೆ ಮೂತಿಯಿರುವುದಿಲ್ಲ. ಒಂದು ಸಲಕ್ಕೆ ಒಂದು ಸೌಟು ಪಾಕವನ್ನು ಮಾತ್ರ ಪುಟ್ಟ ಪಾತ್ರೆಗೆ ಹಾಕಿ ಕಾಯಿಸಿ, ದಪ್ಪವಾಗುತ್ತಿದ್ದಂತೆ ಇಳಿಸಿ ಚಮಚದಲ್ಲಿ ತಿರುವಿ. ತಿರುವುತ್ತಿದ್ದಂತೆ ಗಾಜಿನಂತಿದ್ದ ಪಾಕ ಥಟ್ಟನೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕೂಡಲೇ ಅಚ್ಚಿಗೆ ಸುರಿಯಿರಿ. ಹತ್ತು ನಿಮಿಷಕ್ಕೆ ಬಿಚ್ಚಬಹುದು. ತಡಮಾಡಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಆದರೆ ಅಳಬೇಕಾಗಿಲ್ಲ, ನೀರು ಹಾಕಿ ಮತ್ತೆ ಕರಗಿಸಿದರಾಯಿತು. ಪಾಕಗಳಲ್ಲೆಲ್ಲ ತಪ್ಪನ್ನು ಮನ್ನಿಸುವುದು ಇದೊಂದೇ. ಅದಕ್ಕೇ ಕಲಿಯುವವರಿಗೆ ಇದರಿಂದ ಶುರು ಮಾಡಿಸುವುದು ಒಳ್ಳೆಯದು. ದೊಡ್ಡ ಮಕ್ಕಳಿಗೆ ಅಚ್ಚು ಬಿಚ್ಚುವ ಕೆಲಸ ಕೊಡಿ. ಒಳಗಿಂದ ತಾವರೆ, ತೇರು, ಕೋಳಿ ಹೊರಬರುವುದನ್ನು ನೋಡಿದ ಮಗು ಪಾಕವನ್ನು ಮರೆಯುವುದಿಲ್ಲ.

ಮೈಸೂರು ಪಾಕಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಅದರ ಗುಟ್ಟು ಒಂದೆಳೆ ಪಾಕದಲ್ಲಿ ಅರ್ಧ, ತುಪ್ಪದ ಬಿಸಿಯಲ್ಲಿ ಅರ್ಧ. ತುಪ್ಪ ಪಕ್ಕದ ಒಲೆಯ ಮೇಲೆ ಕಾಯುತ್ತಲೇ ಇರಬೇಕು. ಕಾದ ತುಪ್ಪ ಬಿದ್ದಾಗ ಹಿಟ್ಟಿನಲ್ಲಿ ಉಳಿದ ನೀರು ಆವಿಯಾಗಿ ಏಳುತ್ತದೆ, ಆ ಆವಿ ಬಿಟ್ಟುಹೋದ ಜಾಗವೇ ನಾವು ಮೆಚ್ಚುವ ಗೂಡು ಗೂಡು. ತಣ್ಣನೆಯ ತುಪ್ಪ ಹಾಕಿದರೆ ಅದು ಕಡಲೆಹಿಟ್ಟಿನ ಹಲ್ವ. ಅದೂ ರುಚಿಯೇ, ಆದರೆ ಹೆಸರು ಬೇರೆ.

ದಿನನಿತ್ಯಕ್ಕೆ ಇಷ್ಟೆಲ್ಲ ಪರೀಕ್ಷೆ ಬೇಕಿಲ್ಲ. ಬಾಳೆಹಣ್ಣು ಹೆಚ್ಚಿ ಬೆಲ್ಲ, ಕಾಯಿತುರಿ, ಏಲಕ್ಕಿ ಬೆರೆಸಿದರೆ ರಸಾಯನ. ಹುರಿಗಡಲೆ ಪುಡಿಗೆ ಬೆಲ್ಲ ತುಪ್ಪ ಸೇರಿಸಿ ಉಂಡೆ ಕಟ್ಟಿದರೆ ತಂಬಿಟ್ಟು. ಶಾಲೆಯಿಂದ ಬಂದ ಮಗುವಿಗೆ ಅವಲಕ್ಕಿ ಬೆಲ್ಲಕ್ಕಿಂತ ಬೇಗ ಆಗುವುದು ಯಾವುದೂ ಇಲ್ಲ. ಹೆಸರುಬೇಳೆ ಪಾಯಸಕ್ಕೆ ಹಾಲು ಹಾಕುವವರು ಮಾತ್ರ ಒಂದು ನೆನಪಿಡಿ. ಬೆಲ್ಲ ಕುದಿಯುತ್ತಿರುವಾಗ ಹಾಲು ಹಾಕಿದರೆ ಒಡೆಯುತ್ತದೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುತ್ತದೆ. ಒಲೆಯಿಂದ ಇಳಿಸಿ, ತಣಿಸಿ, ಕಾಯಿಸಿ ಆರಿಸಿದ ಹಾಲು ಬೆರೆಸಿ. ಕಾಯಿಹಾಲಾದರೆ ಇನ್ನೂ ಚೆನ್ನ. ಉತ್ತರ ಕರ್ನಾಟಕದ ಓದುಗರು, ನಮ್ಮ ಶೇಂಗಾ ಹೋಳಿಗೆ, ಮಾದಲಿ, ಪಂಚಮಿ ಉಂಡಿಗಳ ಬಗ್ಗೆ ಒಂದು ಮಾತೂ ಇಲ್ಲವಲ್ಲ ಎಂದು ಕೋಪಿಸಿಕೊಳ್ಳುವುದು ನ್ಯಾಯವೇ. ಪಂಚಮಿಗೆ ಅಷ್ಟು ಬಗೆಯ ಉಂಡಿ ಕಟ್ಟುವ ಕೈಗಳಿಗೆ ಪಾಕದ ಬಗ್ಗೆ ನಾನು ಹೇಳುವುದೇನಿದೆ? ನಾನು ಅಲ್ಲಿ ಉಣ್ಣಲು ಕೂತವಳೇ ಹೊರತು ಒಲೆಯ ಮುಂದೆ ಕೂತವಳಲ್ಲ.

ನನ್ನ ಸೊಸೆ ಪುಣೆಯಲ್ಲಿದ್ದಾಳೆ. ಹೋದ ವರ್ಷ ನವರಾತ್ರಿ ಕಳೆಯುತ್ತಿದ್ದಂತೆ ಫೋನು ಮಾಡಿ, ‘ಅತ್ತೆ, ಈ ಸಲ ನೋಮಿಗೆ ನಾನೇ ಕಜ್ಜಾಯ ಮಾಡ್ತೀನಿ. ಪಾಕ ಎಷ್ಟು ನಿಮಿಷ ಕುದಿಬೇಕು?’ ಎಂದಳು. ನನ್ನ ಹಳೆಯ ನೋಟುಪುಸ್ತಕದ ಹತ್ತು ನಿಮಿಷ ಕಣ್ಣ ಮುಂದೆ ಬಂತು. ‘ನಿಮಿಷ ಕೇಳಬೇಡ. ಹಬ್ಬದ ದಿನ ಕಲಿಯೋಕೂ ಹೋಗಬೇಡ. ಈ ಶನಿವಾರ ಕಾಲು ಕಿಲೋ ಬೆಲ್ಲ ತಗೊಂಡು ಬರೀ ಪಾಕ ಮಾಡು, ಹಿಟ್ಟು ಗಿಟ್ಟು ಏನೂ ಬೇಡ. ನೀರಿನ ಬಟ್ಟಲು ಮೂರು ಇಟ್ಟುಕೋ’ ಎಂದೆ.

ಶನಿವಾರ ಸಂಜೆ ಮೊಬೈಲಿನಲ್ಲಿ ಬಾಣಲೆ ತೋರಿಸಿದಳು. ತೋರಿಸಿ ಏನು ಪ್ರಯೋಜನ, ಪಾಕದ ಹದ ಮೊಬೈಲಿನಲ್ಲಿ ಮುಟ್ಟಲು ಬರುವುದಿಲ್ಲ. ‘ಕ್ಯಾಮೆರಾ ಆ ಕಡೆ ಇಡು, ನೀನು ಮುಟ್ಟಿ ನನಗೆ ಹೇಳು’ ಎಂದೆ. ಮೊದಲನೆಯದು ಕರಗಿತು ಎಂದಳು. ಎರಡನೆಯದು ಅಂಟ್ತಾ ಇದೆ, ಕೈಗೆ ಬರ್ತಾ ಇಲ್ಲ ಎಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಅಷ್ಟು ದೂರದಿಂದ ನನಗೆ ಕೇಳುತ್ತಿದ್ದದ್ದು ಗುಳ್ಳೆಗಳ ಸದ್ದು ಮಾತ್ರ. ಅದು ದಪ್ಪವಾಗುತ್ತಿತ್ತು. ‘ಈಗ ಹಾಕಮ್ಮ’ ಎಂದೆ.

‘ಅತ್ತೆ, ಉರುಳ್ತು! ಉಂಡೆ ಉರುಳ್ತು!’

ಆಮೇಲೆ ಅವಳದೇ ಚಿಂತೆ: ‘ಕಾಲು ಕಿಲೋ ಪಾಕ ಇದೆ, ಇದನ್ನೇನು ಮಾಡಲಿ? ಚೆಲ್ಲಿಬಿಡಲಾ?’

‘ಚೆಲ್ಲಬೇಡ, ಒಲೆ ಇನ್ನೂ ಉರಿಲಿ. ಟಣ್ ಅನ್ನೋವರೆಗೂ ಬಿಡು. ಮನೇಲಿ ಹುರಿದ ಕಡಲೆಕಾಯಿ ಬೀಜ ಇದೆಯಾ ನೋಡು, ತಟ್ಟೆಗೆ ತುಪ್ಪ ಸವರು, ಬೇಗ’ ಎಂದೆ.